ಹಳೆ ಟೇಪಿನ ಮೂವತ್ತೆಂಟು

ಪ್ರೀತಿಯ ಅಣ್ಣನಿಗೆ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಹೇಳಬೇಕಾದ್ದನ್ನೆಲ್ಲ ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ, ಕಾಗದ ಅಂದುಕೋ. ಬರೆದರೆ ನೀನು ಕನ್ನಡಕ ಹುಡುಕಬೇಕು. ನೋಡು, ಮತ್ತೆ ಕಣ್ಣಿನ ಮಾತೇ ಬಂತು. ಐವತ್ತಾದರೂ ನನ್ನ ಬಾಯಿಗೆ ಬುದ್ಧಿ ಬಂದಿಲ್ಲ.

ನೀನು ನಮ್ಮ ಹೊಲಿಗೆ ಅಂಗಡಿಗೆ ಬಾರದೆ ಇವತ್ತಿಗೆ ಎಂಟು ದಿನ. ಮೇಷ್ಟ್ರ ಹೊಸ ಅಂಗಿ ಎದೆಯಲ್ಲಿ ಬಿಗಿಯಾಗಿ ಗುಂಡಿ ಕೂರದೇ ಹೋದಾಗ ಅವರೆದುರಿಗೇ ಅಂದುಬಿಟ್ಟೆ: "ಅಣ್ಣಂಗೆ ಈಗ ಕಣ್ಣು ಸರಿ ಕಾಣಲ್ಲ ಸಾರ್, ಅಳತೆ ತಪ್ಪು ಬರ್ಕೋತಾನೆ." ನೀನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದೆ.

ಮೊನ್ನೆ, ಚಿಂದಿ ಬಟ್ಟೆಯ ಗಂಟಿಗೆ ಕಟ್ಟಿದ್ದ ನಮ್ಮ ಹಳೆ ಅಳತೆ ಟೇಪು ಬಿಚ್ಚಿ, ನಾನು ತಂದ ಹೊಸ ಟೇಪಿನ ಪಕ್ಕ ಹಾಸಿದೆ. ಎಳೆದೆಳೆದು ಹಿಗ್ಗಿಹೋಗಿದೆ ಅಣ್ಣ ಅದು. ಅದರ ಮೂವತ್ತೆಂಟು ಇಂಚು ಹೊಸದರಲ್ಲಿ ಮೂವತ್ತೊಂಬತ್ತು. ಇಷ್ಟು ವರ್ಷ ನೀನು ಅಳೆದದ್ದೂ ನಾನು ಕತ್ತರಿಸಿದ್ದೂ ಅದೇ ಟೇಪಿನಲ್ಲಿ, ಹಾಗಾಗಿ ಎಲ್ಲರಿಗೂ ಸರಿಯಾಗಿ ಕೂರುತ್ತಿತ್ತು. ಈ ಸಲ ನೀನು ಹಳೆಯದರಲ್ಲಿ ಅಳೆದು ಬರೆದದ್ದನ್ನು ನಾನು ಹೊಸದರಲ್ಲಿ ಕತ್ತರಿಸಿದೆ.

ಆಗಿನಿಂದ ತಲೆ ಕೆಟ್ಟಿದೆ. ಅಳತೆ ಪುಸ್ತಕದಲ್ಲಿ ನಿನ್ನ ಮೂವತ್ತೆಂಟು ಇದ್ದ ಹಾಗೇ ಇದೆ, ಪೆನ್ಸಿಲ್ ಗುರುತು ಕೂಡ ಮಾಸಿಲ್ಲ. ಟೇಪು ಬದಲಾಗಿದ್ದಕ್ಕೆ ಅದು ಹೇಗಣ್ಣ ಸುಳ್ಳಾಯಿತು? ಹಾಗಾದರೆ ಮೇಷ್ಟ್ರ ಎದೆ ಇದ್ದದ್ದು ಪುಸ್ತಕದಲ್ಲೋ, ಟೇಪಿನಲ್ಲೋ? ಹಳೆಯದನ್ನು ಬಿಸಾಡಿದರೆ ಪುಸ್ತಕವೇ ದಂಡ. ಇಟ್ಟುಕೊಂಡರೆ ಅದು ಇನ್ನೂ ಹಿಗ್ಗುತ್ತದೆ. ಪ್ರತಿ ಅಂಕಿಗೂ ಒಂದಿಂಚು ಸೇರಿಸೋಣವೆಂದರೆ ಹತ್ತು ವರ್ಷದ ಹಿಂದೆ ಅದು ಎಷ್ಟು ಹಿಗ್ಗಿತ್ತೋ ಯಾರಿಗೆ ಗೊತ್ತು? ನಿನಗೆ ಗೊತ್ತಿರಬಹುದು. ಇಲ್ಲದೆಯೂ ಇರಬಹುದು. ಒಂದು ಮಾತ್ರ ಗೊತ್ತು, ನಿನ್ನ ಕಣ್ಣು ತಪ್ಪಲಿಲ್ಲ. ತಪ್ಪು ನನ್ನದು.

ಇದನ್ನೇ ಇವತ್ತು ಮೇಷ್ಟ್ರನ್ನು ಕರೆಸಿ ಹೇಳಿದೆ. "ಅದನ್ನ ನಂಗ್ಯಾಕೆ ಹೇಳ್ತೀಯ ಮಾರಾಯ, ಅವರಿಗೆ ಹೇಳು," ಅಂದರು. ಹೊಸ ಅಳತೆ ಕೊಡಲು ಎದ್ದು ನಿಂತರು. ನನಗೆ ಟೇಪು ಹಿಡಿಯಲು ಕೈ ಬರಲಿಲ್ಲ. ಅಣ್ಣ ಬಂದ ಮೇಲೆ ಅಂದೆ. ಬರ್ತಾರಾ ಅಂತ ಕೇಳಿದರು. ಅವರು ಇನ್ನೂ ಬೆಂಚಿನ ಮೇಲೆ ಕೂತಿದ್ದಾರೆ, ಅಣ್ಣ.

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿರು.

ನಿನ್ನ ಬಾಯಿಬಡುಕ ತಮ್ಮ