ಬೆಸುಗೆ ಬಿಟ್ಟಿರಲಿಲ್ಲ

ಭಾಂಡುಪ್ ಬಡಾವಣೆಯ ನೌಕಾದಳದ ಮಹಾಶಿಲ್ಪಿ ಕುಮಾರಿ ಶಿವಕುಮಾರಿಯವರ ದಿವ್ಯ ಸನ್ನಿಧಿಗೆ,

ಶಿವಿ, ಇಂಥ ಸಂಬೋಧನೆ ಕಂಡರೆ ನೀನು "ಬಸ್ ಕರ್ ರೇ ಭಟ್ಟಾ, ಸಾಕ ನಿನ್ನ ಭಾಷಣ, ಮೊದ್ಲ ಈ ಸ್ಕ್ರೂ ಹಿಡಿ" ಅನ್ನುತ್ತಿದ್ದೆ. ನೀನು ನೀರಿನಲ್ಲಿ ಮುಳುಗಿ ಸತ್ತು ಮೂರು ತಿಂಗಳಾಯಿತು. ಈಗ ನನ್ನ ಬಾಯಿ ಮುಚ್ಚಿಸುವವರಿಲ್ಲ. ಆದರೂ ಅದು ಮುಚ್ಚಿಯೇ ಇದೆ.

ನಮ್ಮ ದೋಣಿ ಮೊದಲು ಬರೀ ರಿಮೋಟ್ ಆಟಿಕೆ, ಮೊಳ ಉದ್ದದ್ದು, ಮುದಿ ಆಮೆಯಂತೆ ತೆವಳುತ್ತಿತ್ತು. ನೀನು ಅದರ ಮೋಟಾರು ಕಿತ್ತು ಹಳೇ ಡ್ರಿಲ್ಲಿನ ಮೋಟಾರು ಕೂರಿಸಿದೆ. ಮೂತಿ ಮೇಲೇಳಲೆಂದು ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದೆ. ರಿಸೀವರ್‌ಗೆ ನೀರು ತಾಗದಂತೆ ಹುಟ್ಟುಹಬ್ಬದ ಬಲೂನು ತೊಡಿಸಿದೆ. ರಿಮೋಟಿನ ಸಿಗ್ನಲ್ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವಂತೆ ಮಾಡಿದ್ದೂ ನೀನೇ. "ಯಾರದಾರ ಕಾಲಿಗೆ ಬಡದ್ರ?" ಎಂದಿದ್ದೆ. ನನ್ನ ಪಾಲಿನ ಕೆಲಸ ಭಾಷಣ. ದೋಣಿ ಕೆಟ್ಟು ನಿಂತಾಗಲೆಲ್ಲ ನಾನು ಶ್ರದ್ಧಾಂಜಲಿ ಓದುವುದು, ನೀನು ಚಪ್ಪಲಿ ಎಸೆಯುವುದು ರೂಢಿ.

ಆ ಭಾನುವಾರ ಬೆಳಿಗ್ಗೆ ಟಿವಿ ರಿಪೇರಿ ಮಾಡುವ ನಿನ್ನ ಅಪ್ಪ, ಗುರುಪಾದ ಕಾಕಾ, ಬ್ಯಾಟರಿ ತಂತಿಗೆ ಹೊಸ ಬೆಸುಗೆ ಹಾಕಿಕೊಟ್ಟರು. ನಾವು ಹಳೇ ಕಲ್ಲುಕ್ವಾರಿಯ ಹೊಂಡಕ್ಕೆ ಹೋದೆವು. ದೋಣಿ ನಡುನೀರು ದಾಟುವಾಗ ನಾನು ರಿಮೋಟನ್ನು ಬೆನ್ನ ಹಿಂದೆ ಹಿಡಿದು ಸ್ವಿಚ್ ಆರಿಸಿದೆ. ದೋಣಿ ನಿಂತಿತು. ಗಂಟಲು ಸರಿಪಡಿಸಿಕೊಂಡು "ಮಾನ್ಯ ಜಲಚರಗಳೇ" ಎಂದು ಶುರುಮಾಡಿದೆ. ಗಾಳಿ ದೋಣಿಯನ್ನು ಜೊಂಡಿನ ಕಡೆ ತಳ್ಳುತ್ತಿತ್ತು.

"ಅಪ್ಪಾನ ಬೆಸುಗಿ ಬಿಟ್ಟಿರಬೇಕು. ತರ್ತೀನಿ ತಡಿ, ಮೊಣಕಾಲ ನೀರ ಅಷ್ಟ" ಎಂದು ನೀನು ಇಳಿದೆ.

ಎರಡು ಹೆಜ್ಜೆಗೆ ಕಾಲಡಿಯ ಕಲ್ಲು ಮುಗಿದು ಆಳ ಶುರುವಾಗಿತ್ತು. ನೀನು ಮುಳುಗಿದೆ, ಕೈ ಎತ್ತಿದೆ. ನನಗೇ ನಾಟಕ ತೋರಿಸುತ್ತಿದ್ದೀಯ ಅಂದುಕೊಂಡು ನಾನು ಚಪ್ಪಾಳೆ ತಟ್ಟಿದೆ, ಶಿವಿ. ಚಪ್ಪಾಳೆ. ನಾನು ಚೀರುವ ಹೊತ್ತಿಗೆ ನೀರು ಸಮನಾಗಿತ್ತು.

ಪೊಲೀಸರಿಗೆ, "ದೋಣಿ ಬಂದ್ ಬಿತ್ತು, ತರಲಿಕ್ಕೆ ಇಳಿದಳು" ಅಂದೆ. ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ದಿನ ಬಾಳಿತು.

ಅಂದಿನಿಂದ ಕಾಕಾ ಯಾರ ಟಿವಿಯನ್ನೂ ಮುಟ್ಟಿಲ್ಲ. ಠಾಣೆಯಿಂದ ದೋಣಿ ವಾಪಸು ಬಂದ ಮೇಲೆ ಅದರ ಒಂದೊಂದೇ ಬೆಸುಗೆ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿ, ಮತ್ತೆ ಹಾಕುತ್ತಾರೆ. ಟಬ್ಬಿನಲ್ಲಿ ಬಿಟ್ಟರೆ ಓಡುತ್ತದೆ. ಮತ್ತೆ ಬಿಚ್ಚುತ್ತಾರೆ.

ನಿನ್ನೆ ನನ್ನನ್ನು ಕರೆದು ಕೂರಿಸಿಕೊಂಡರು. "ಎಲ್ಲಾ ಗಟ್ಟಿ ಐತೋ ಮನೀಶ. ಮತ್ತ ಆವತ್ತ ಯಾಕ ನಿಂತಿತು? ನಾನ ಎಲ್ಲೋ ತಪ್ಪೀನಿ. ನೀ ಅಲ್ಲೇ ಇದ್ದೆಲ್ಲ, ಜರಾ ನೆನಪ ಮಾಡ್ಕೋ."

ಒಳಗಿನಿಂದ ನಿನ್ನ ಅವ್ವ, ಹಾಲವ್ವ ಕಾಕಿ, "ಸಾಕ ಬಿಡ್ರೀ. ಬೆರಳ ನೋಡ್ಕೋರಿ, ಎಲ್ಲಾ ಬೊಕ್ಕಿ ಎದ್ದಾವು" ಅಂದರು.

"ಗೊತ್ತಿಲ್ಲ ಕಾಕಾ" ಅಂದೆ. ಮೀನುಗಳಿಗೂ ಭಾಷಣ ಕೊಡುವ ನನಗೆ ಎರಡೇ ಪದ ಸಿಕ್ಕವು.

ಇವತ್ತು ಸಂಜೆ ಮತ್ತೆ ಹೋಗುತ್ತೇನೆ. ಬಾಯಲ್ಲಿ ಹೇಳಹೊರಟರೆ ಹೆದರಿಕೆಗೆ ಎಲ್ಲಾದರೂ ತಮಾಷೆಗೆ ಜಾರುತ್ತೇನೆ. ಅದಕ್ಕೇ ಈ ಪತ್ರವನ್ನೇ ಅವರ ಕೈಗಿಡುತ್ತೇನೆ. ನಿನಗೆ ಬರೆದದ್ದನ್ನು ನಿನ್ನ ಅಪ್ಪ ಓದಲಿ. ಹೊಡೆದರೆ ನಿಲ್ಲುತ್ತೇನೆ. ಠಾಣೆಗೆ ನಡಿ ಅಂದರೆ ಮುಂದೆ ನಡೆಯುತ್ತೇನೆ. ನಿನ್ನ ಕ್ಷಮೆ ಕೇಳಲಾರೆ, ಕೊಡಲು ನೀನಿಲ್ಲ.

ನೀನು ತಣ್ಣಗಿರು, ಶಿವಿ. ನಿನ್ನ ಅಪ್ಪನ ಸುಟ್ಟ ಬೆರಳುಗಳು ಇನ್ನಾದರೂ ಮಾಯಲಿ.

ರಿಮೋಟ್ ಆರಿಸಿದ ಭಟ್ಟ,
ಮನೀಶ