ಕಿಟಕಿ ಪಕ್ಕದ ಸೀಟು

ಅಕ್ಕಾ,

ನಗಬೇಡ ಅಂದರೂ ನೀನು ನಗುತ್ತೀಯ, ಓದು. ಸಮುದ್ರದ ನಡುವಿನ ತೈಲಬಾವಿಗೆ ಅಡುಗೆಯವನಾಗಿ ನಾಳೆ ಹೆಲಿಕಾಪ್ಟರಿನಲ್ಲಿ ಹೊರಡುತ್ತೇನೆ. ಅದು ಸಮುದ್ರಕ್ಕೆ ಬಿದ್ದರೆ ಪಾರಾಗುವುದನ್ನು ಕಲಿಸಲು ಕಂಪನಿಯವರು ಇವತ್ತು ಹೆಲಿಕಾಪ್ಟರಿನಂಥದೇ ಒಂದು ಡಬ್ಬಿಯಲ್ಲಿ ನಮ್ಮನ್ನು ಬೆಲ್ಟು ಹಾಕಿ ಕೂರಿಸಿ, ಈಜುಕೊಳದಲ್ಲಿ ಮುಳುಗಿಸಿ, ತಲೆಕೆಳಗು ಮಾಡಿದರು! ಕಿಟಕಿ ತಳ್ಳಿ ಹೊರಬರಬೇಕು. ನಾನು ಗಾಬರಿಯಲ್ಲಿ ಮೊದಲೇ ಬೆಲ್ಟು ಬಿಚ್ಚಿ, ಕಿಟಕಿ ಯಾವ ಕಡೆಯೆಂದೇ ತಿಳಿಯದೆ ಒದ್ದಾಡಿದೆ. ತರಬೇತಿಯ ಮೇಷ್ಟ್ರು ಹೊರಗೆಳೆದು, "ಮೊದ್ಲು ಕಿಟಕಿ ಹಿಡ್ಕೊಳ್ಳಿ, ಬೆಲ್ಟು ಆಮೇಲೆ. ಇನ್ನೊಂದ್ಸಲ ಹೀಗಾದ್ರೆ ಕೆಲ್ಸ ಇಲ್ಲ, ಮನೆಗೇ ಹೋಗ್ಬೇಕು" ಎಂದರು. ಎರಡನೇ ಸಲ ಕಿಟಕಿಯ ಅಂಚನ್ನು ಜಪ್ಪಯ್ಯ ಅಂದರೂ ಬಿಡಲಿಲ್ಲ. ಪಾಸು! ಕಿವಿಗೆ ನೀರು ಹೋಗಿ ಗುಂಯ್ ಅನ್ನುತ್ತಿದೆ, ಡಾಕ್ಟರು ಡ್ರಾಪ್ಸ್ ಕೊಟ್ಟಿದ್ದಾರೆ. ಅಮ್ಮನಿಗೆ ಹೇಳಬೇಡ.

ಆಮೇಲೆ ಎಲ್ಲರ ಹೆಗಲಿನ ಅಗಲ ಅಳೆದರು. ದಪ್ಪಗಿರುವವರು ಸಣ್ಣ ಕಿಟಕಿಯಲ್ಲಿ ಸಿಕ್ಕಿಕೊಳ್ಳುತ್ತಾರಂತೆ, ಹಾಗಾಗಿ ದೊಡ್ಡ ಕಿಟಕಿಯ ಪಕ್ಕದ ಸೀಟು ಅವರಿಗೇ ಮೀಸಲು. ನನ್ನ ತೋಳಿಗೆ ಗುರುತಿನ ಪಟ್ಟಿಯನ್ನೂ ಕಟ್ಟಿದ್ದಾರೆ. ಚಿಕ್ಕಂದಿನಲ್ಲಿ ಬಸ್ಸು ಹತ್ತಿದ ಕೂಡಲೇ "ಏ ಡುಮ್ಮ, ಆಚೆ ಸರಿ" ಅಂತ ಕಿಟಕಿ ಕಿತ್ತುಕೊಳ್ಳುತ್ತಿದ್ದೆಯಲ್ಲ, ಈಗ ಬಾ ನೋಡೋಣ!

ಕಾರ್ಡು ತುಂಬಿತು.

ಕಿಟಕಿ ಪಕ್ಕದ ನಿನ್ನ ಡುಮ್ಮ