ಚಮಚದ ಕಡೆಗೆ

ಹಾಸ್ಟೆಲ್ ಕೋಣೆ
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಕ್ಯಾಪ್ಟನ್ನನ ಕುತ್ತಿಗೆ ನೋಡಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನೀವು ಹೇಗಿದ್ದೀರಿ? ಕೈಗಳ ಊತ ಇಳಿಯಿತೇ? ಲಕ್ವ ಹೊಡೆದ ಮೇಲೆ ಮಾತು ಕಡಿಮೆಯಾದರೂ ಹಟ ಕಡಿಮೆಯಾಗಿಲ್ಲವೆಂದು ಅತ್ತೆ ದೂರಿದರು. ಕೇಳಿ ಸಮಾಧಾನವಾಯಿತು. ಈ ಪತ್ರ ಓದಿ ಹೇಳುವವರೂ ಅವರೇ ಆದ್ದರಿಂದ ಅವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಫೋನ್ ಮಾಡಬಹುದಿತ್ತು. ದನಿ ನಡುಗಿದರೆ ನಿಮಗೆ ತಿಳಿದುಬಿಡುತ್ತದೆ.

ನಮ್ಮ ರೊಬಾಟ್ ತರಗತಿಯ ವಿಷಯ ನಿಮಗೆ ಗೊತ್ತು. ಮೆಕ್ಯಾನಿಕಲ್, ಕಂಪ್ಯೂಟರ್, ನರ್ಸಿಂಗ್ ಓದುವವರ ಮಧ್ಯೆ ಸಾಹಿತ್ಯದ ಪದವಿ ಮುಗಿಸಿ ಬಂದವಳು ನಾನೊಬ್ಬಳೇ. ಮೇಡಂ ಪಾಠ ಮಾಡುವುದು ಕಡಿಮೆ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸಬೇಕು. ನಾವೆಲ್ಲ ಸೇರಿ ಮಾಡಿರುವುದು, ಕೈ ಆಡದವರಿಗೆ ಉಣಿಸುವ ಯಂತ್ರದ ಕೈ. ಮುಂದಿನ ಬುಧವಾರ ಅದರ ಮೊದಲ ತುತ್ತು ನಿಮಗೆ. ನಮ್ಮಪ್ಪನನ್ನು ಕರೆಸುತ್ತೇನೆಂದು ಹೆಮ್ಮೆಯಿಂದ ಹೇಳಿದವಳೂ ನಾನೇ.

ಕ್ಯಾಪ್ಟನ್ ಅಂದರೆ ಗುಂಪಿನ ಮುಂದಾಳು, ಮೆಕ್ಯಾನಿಕಲ್ ಹುಡುಗ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಮೊಸರು ತಿಂದು ತೋರಿಸಿದ. ಚಮಚ ಹತ್ತಿರ ಬಂತು. ಇನ್ನೇನು ಬಾಯಿ ಸೇರಬೇಕು ಅನ್ನುವಾಗ ಅವನ ಕುತ್ತಿಗೆ ತಾನಾಗಿ ಮುಂದೆ ಹೋಯಿತು, ಕಾಳು ಕಂಡ ಕೋಳಿಯ ಹಾಗೆ. ಆಮೇಲೆ ಕೂತ ನರ್ಸಿಂಗ್ ಹುಡುಗಿಯದೂ ಹಾಗೆಯೇ. ಆಗ ನೆನಪಾಯಿತು, ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ ಕಲಿಸುವಾಗ ಅವಳೇ ಅಂದಿದ್ದಳು, "ಸ್ವಲ್ಪ ಮುಂದೆ ಬಾರೇ, ಸರಿಯಾಗಿ ಸಿಗತ್ತೆ." ಅವಳಿಗೆ ಹಾಗೆ ಹೇಳಿಕೊಟ್ಟವನು ಕ್ಯಾಪ್ಟನ್. ಒಬ್ಬರಿಂದೊಬ್ಬರು ಕಲಿತು ನಾವೆಲ್ಲ ಯಂತ್ರಕ್ಕೆ ಬಗ್ಗುವುದನ್ನು ಕಲಿತುಬಿಟ್ಟಿದ್ದೇವೆ. ಯಂತ್ರ ಏನೂ ಕಲಿತಿಲ್ಲ.

ನಿಮ್ಮ ಕುತ್ತಿಗೆ ಮುಂದೆ ಬರುವುದಿಲ್ಲ, ಅಪ್ಪಾ. ಕೆಮ್ಮು ಬಂದರೆ ಹಿಂದೆ ಸರಿಯುವುದೂ ಇಲ್ಲ. ಹೋದ ಸಲ ಒಂದು ಗುಟುಕು ನೀರು ಗಂಟಲಲ್ಲಿ ದಾರಿ ತಪ್ಪಿ ನಿಮ್ಮ ಮುಖ ನೀಲಿಗಟ್ಟಿದ್ದು ಕಣ್ಣ ಮುಂದೆ ಬಂತು. ಹೇಳೋಣವೆಂದು ಬಾಯಿ ತೆರೆದೆ. "ಏನಮ್ಮಾ ಕವಯಿತ್ರಿ, ಚಮಚದ ಮೇಲೂ ಪದ್ಯ ಬಂತಾ?" ಅಂದ ಕ್ಯಾಪ್ಟನ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚಿಕ್ಕಂದಿನಲ್ಲಿ ನನಗೆ ಉಣಿಸುವಾಗ ನೀವೂ ಬಾಯಿ ತೆರೆಯುತ್ತಿದ್ದಿರಂತೆ. "ಉಣ್ಣೋದು ಮಗುನೋ, ನೀನೋ?" ಅಂತ ಅತ್ತೆ ಅಣಕಿಸುತ್ತಿದ್ದರಂತೆ. ಬೆಳಿಗ್ಗೆಯಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಕಿಟಕಿ ಪಕ್ಕ ಕೂರುವಾಗ ಶಾಲು ಹೊದಿಸಿಕೊಳ್ಳಿ. ಅತ್ತೆ ಗದರಿದರೆ ಒಂದು ಕಿವಿ ಮಾತ್ರ ಕೊಡಿ.

ನಿಮ್ಮ
ಪುಟ್ಟಿ

ಲಕೋಟೆ ಅಂಟಿಸುವ ಮೊದಲು: ನಾಳೆ ಕಲಿಸುವ ಸರದಿ ನನ್ನದು. ಹೊಟ್ಟೆನೋವೆಂದು ತಪ್ಪಿಸಿಕೊಳ್ಳಬೇಕೆಂದಿದ್ದೆ. ಹೋಗುತ್ತೇನೆ. ಆ ಕುರ್ಚಿಯಲ್ಲಿ ನಾನೇ ಕೂತು, ನನ್ನ ಹಣೆಯನ್ನು ಹಿಂದಿನ ದಿಂಬಿಗೆ ಕಟ್ಟಲು ನರ್ಸಿಂಗ್ ಹುಡುಗಿಗೆ ಹೇಳುತ್ತೇನೆ. ಚಮಚ ಎಲ್ಲಿ ನಿಲ್ಲುತ್ತದೆಂದು ಎಲ್ಲರೂ ನೋಡಲಿ. ಅತ್ತೇ, ಮುಂದಿನ ಬುಧವಾರ ಕರೆದೊಯ್ಯಲು ಕಾಲೇಜಿನ ವ್ಯಾನ್ ಬಂದರೂ ಅಪ್ಪನನ್ನು ಹತ್ತಿಸಬೇಡಿ. ಕುತ್ತಿಗೆ ಚಾಚದೆ ನಾನು ಒಂದು ತುತ್ತು ತಿಂದ ಮೇಲೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.